ಒಂದೇ ವಾರದಲ್ಲಿ ಒಂದಾದ ಎರಡು ದೇಶ

ಹೇಗೆ ಅಂತ ಹೇಳುದು ಮಾರಾಯ್ರೆ? ಎರಡು ದೇಶ ಒಂದಾಗುವಾಗ ನೀನು ಅಲ್ಲೇ ಇದ್ದಿಯಲ್ಲ, ಹೇಳು ಹೇಳು ಅಂತೀರಿ. ಇಂಥದ್ದೆಲ್ಲ ಆಗುವಾಗ ನಾನು ಅಲ್ಲಿ ಇದ್ದೇ ಇರ್ತೇನೆ, ಅದು ನನ್ನ ಗ್ರಹಚಾರ. ತೊಂಬತ್ತರ ಆಗಸ್ಟಿನಲ್ಲಿ ನಾನು ಕುವೈತಿನ ಹವಲ್ಲಿಯಲ್ಲಿ, ಪೈಪು ಮಾರುವ ಕಂಪೆನಿಯಲ್ಲಿ ಟೈಪಿಸ್ಟು. ಗುರುವಾರ ಇರಾಕಿನ ಟ್ಯಾಂಕು ಬಂತು. ಮುಂದಿನ ವಾರ ರೇಡಿಯೋ ಹೇಳಿತು: ಇರಾಕು, ಕುವೈತು ಇನ್ನು ಒಂದೇ ದೇಶ, ಅಣ್ಣ ತಮ್ಮ ಒಂದಾಗಿದ್ದಾರೆ. ಅಣ್ಣ ಟ್ಯಾಂಕಿನಲ್ಲಿ ಬಂದಿದ್ದ, ಅಷ್ಟೆ.

೧. ಬೋರ್ಡು

ನಮ್ಮ ಬಿಲ್ಡಿಂಗಿನ ಕೆಳಗೆ ಬಂಟ್ವಾಳದ ಬ್ಯಾರಿಯೊಬ್ಬರ ಅಂಗಡಿ. ಬೋರ್ಡಿನಲ್ಲಿ ಕುವೈತ್ ಅಂತ ಇತ್ತು. ಒಬ್ಬ ಸೈನಿಕ ಬಂದು ಬಂದೂಕಿನ ತುದಿಯಲ್ಲಿ ಅದನ್ನು ತೋರಿಸಿ, "ಈ ದೇಶ ಈಗ ಇಲ್ಲ. ಅಳಿಸು" ಅಂದ. ಬ್ಯಾರಿಯವರು ಏಣಿ ಹತ್ತಿ ಅಳಿಸಿದ್ರು. ಮರುದಿನ ಇನ್ನೊಬ್ಬ: "ಹೆಸರಿಲ್ಲದೆ ಅಂಗಡಿ ನಡೆಸ್ತೀಯಾ? ಬಾಗ್ದಾದ್ ಅಂತ ಬರೆ." ಬರೆದ್ರು. ಮೂರನೇ ದಿನ ನಾಲ್ಕು ಜನ ಬಂದು ಅಕ್ಕಿ, ಎಣ್ಣೆ, ಫ್ಯಾನು, ಕೊನೆಗೆ ಆ ಏಣಿಯನ್ನೂ ಲಾರಿಗೆ ಹಾಕಿದ್ರು. ಬಾಗ್ದಾದಿನ ಮಾಲು ಬಾಗ್ದಾದಿಗೇ ಹೋಗ್ಬೇಕಂತೆ.

"ಎಂತ ಉಳೀತು ಕಾಕ?" ಅಂತ ಕೇಳಿದೆ.

"ಬೋರ್ಡು ಉಂಟಲ್ಲ" ಅಂದ್ರು.

೨. ತಿಜೋರಿ

ಊರಿಗೆ ಓಡುವಾ ಅಂದ್ರೆ ನನ್ನತ್ರ ಪಾಸ್‌ಪೋರ್ಟು ಇಲ್ಲ. ಅಲ್ಲಿಯ ಕ್ರಮವೇ ಹಾಗೆ, ನಮ್ಮನ್ನು ಕೆಲಸಕ್ಕೆ ಕರೆಸಿದ ಕಫೀಲ್ ಅದನ್ನು ತನ್ನತ್ರ ಇಟ್ಟುಕೊಳ್ತಾನೆ. ನಮ್ಮವನು ಆಫೀಸಿನ ತಿಜೋರಿಯಲ್ಲಿಟ್ಟು, ಕೀ ಸಮೇತ ಸೌದಿಗೆ ಓಡಿದ್ದ. ಹನ್ನೊಂದು ಜನರ ಪಾಸ್‌ಪೋರ್ಟು ಒಳಗೆ, ನಾವು ಹೊರಗೆ. ಸುತ್ತಿಗೆ, ಗರಗಸ, ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಎಲ್ಲ ಮಾಡಿ ಆಯ್ತು.

ಕಡೆಗೊಂದು ದಿನ ಸೈನಿಕರು ಆಫೀಸಿನ ಕುರ್ಚಿ ಮೇಜು ಹೊತ್ತುಕೊಂಡು ಹೋಗ್ಲಿಕ್ಕೆ ಬಂದ್ರು. ನಾನು ಅವರ ದೊಡ್ಡವನ ಹತ್ರ ಹೋಗಿ ಮೆಲ್ಲ, "ಸಾಹೇಬ್, ತಿಜೋರಿಯಲ್ಲಿ ಚಿನ್ನ ಉಂಟು" ಅಂದೆ. ಹತ್ತು ನಿಮಿಷದಲ್ಲಿ ಬಾಗಿಲು ಹಾರಿತು. ಒಳಗೆ ಪಾಸ್‌ಪೋರ್ಟುಗಳು ಮತ್ತು ಅರ್ಧ ಡಬ್ಬಿ ಖರ್ಜೂರ. ಅವನಿಗೆ ಸಿಟ್ಟು ಬಂದು ಪಾಸ್‌ಪೋರ್ಟನ್ನು ಒಂದೊಂದಾಗಿ ನನ್ನ ಮುಖಕ್ಕೆ ಬಿಸಾಡಿದ. ನನ್ನದು ಹನ್ನೊಂದನೆಯದು. ಅಷ್ಟರೊಳಗೆ ಅವನ ಸಿಟ್ಟು ಇಳಿದು ಬಿಸಾಡುದು ನಿಲ್ಲಿಸಿದ್ರೆ ಅಂತ ನನಗೆ ಹೆದರಿಕೆ.

೩. ಹಾಜರಿ

ಬಾಗ್ದಾದ್ ದಾಟಿ ಜೋರ್ಡಾನಿನ ಗಡಿ. ಬರೀ ಮರಳು, ಊರಿನ ವಿಮಾನಕ್ಕೆ ಕಾಯುವವರ ಡೇರೆ. ಹೆಸರು ಕರೆದು ತಲೆಗೊಂದು ರೊಟ್ಟಿ ಕೊಡ್ತಿದ್ರು. ನಮ್ಮ ಆಫೀಸಿನ ಡ್ರೈವರು, ಕೇರಳದ ಮುದುಕ, ಒಂದು ಮಧ್ಯಾಹ್ನ ಮಲಗಿದವರು ಏಳ್ಲೇ ಇಲ್ಲ. ಹೂತು ಬಂದೆವು. ಪಟ್ಟಿಯಿಂದ ಹೆಸರು ತೆಗೆಸ್ಲಿಕ್ಕೆ ಮಾತ್ರ ಯಾರೂ ಹೋಗಲಿಲ್ಲ. ನಾಲ್ಕು ದಿನ ಅವರ ಹೆಸರಿಗೆ ನಾನೇ ಕೈ ಎತ್ತಿದೆ, ರೊಟ್ಟಿಯನ್ನು ಡೇರೆಯವರೆಲ್ಲ ಹಂಚಿಕೊಂಡೆವು.

ಐದನೇ ದಿನ ಬೊಂಬಾಯಿ ವಿಮಾನದ ಪಟ್ಟಿ ಓದಿದ್ರು. ಮೊದಲನೇ ಹೆಸರೇ ಅವರದ್ದು. ಅಭ್ಯಾಸದಲ್ಲಿ ನನ್ನ ಕೈ ಎದ್ದಿತು, ಆದ್ರೆ ವಿಮಾನಕ್ಕೆ ಫೋಟೋ ನೋಡ್ತಾರಲ್ಲ. ಸತ್ತವರಿಗೆ ಸೀಟು ಸಿಕ್ಕಿ ಒಂಬತ್ತು ದಿನ ಆದ ಮೇಲೆ ಬದುಕಿದ್ದ ನನ್ನ ಹೆಸರು ಬಂತು.

೪. ಗಂಜಿ

ಅಂತೂ ಮಂಗಳೂರಿಗೆ ಮುಟ್ಟಿದೆ. ನಾನು ಇದ್ದೇನೋ ಇಲ್ವೋ ಗೊತ್ತಿಲ್ಲದೆ ಹೆಂಡತಿ ಎರಡು ತಿಂಗಳು ಇಗರ್ಜಿಯಲ್ಲಿ ಮೋಂಬತ್ತಿ ಹಚ್ಚಿದ್ದಳಂತೆ. ಅಮ್ಮ ಗಂಜಿ ಬಡಿಸಿ, ಎದುರು ಕೂತು ಕೇಳಿದ್ರು, "ಒಂದು ವಾರದಲ್ಲಿ ಎರಡು ದೇಶ ಒಂದಾಗುದು ಅಂದ್ರೆ ಹೇಗೆ ಮಗಾ?"

"ಹೇಗೆ ಎಂತ ಅಮ್ಮ? ದೊಡ್ಡವನು ಬಂದು, ಇನ್ನು ನಾವು ಒಂದೇ ಮನೆಯವರು ಅಂದ. ಸಣ್ಣವನ ಹತ್ರ ಒಂದು ಮಾತು ಕೇಳ್ಲಿಲ್ಲ."

"ಛೆ ಛೆ! ನಿನಗೆ ರಜೆ ಇಲ್ಲ ಅಂತ ನಿನ್ನ ಮದುವೆಯನ್ನೂ ನಾವು ವಾರದಲ್ಲೇ ಮಾಡಿದ್ದು. ಆದ್ರೂ ಹುಡುಗಿಯ ಅಪ್ಪನ ಹತ್ರ ಕೇಳಿಯೇ ಮಾಡಿದ್ದಲ್ವಾ?"

ಒಲೆಯ ಹತ್ರ ಮೀನು ಕಾಯಿಸ್ತಿದ್ದ ನನ್ನ ಹೆಂಡತಿ ತಿರುಗದೆಯೇ ಹೇಳಿದಳು:

"ಹೌದು. ಅಪ್ಪನ ಹತ್ರ ಕೇಳಿದ್ರು."