ಮುಂದಿನ ಬೆಂಚಿನ ಅತಿಥಿಗಳು

ಮದುವೆಮನೆಗೆ ಹೋದವನಿಗೆ ಮುಂದೇನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಡುಗೆಯ ವಾಸನೆ ಎತ್ತ ಕಡೆಯಿಂದ ಬರುತ್ತದೆಯೋ ಅತ್ತ ನಡೆದರೆ ಆಯಿತು. ಇನ್ನೊಬ್ಬರ ದೇವರಿದ್ದಲ್ಲಿಗೆ ಅತಿಥಿಯಾಗಿ ಹೋಗುವುದು ಹಾಗಲ್ಲ. ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಕೈಗಳನ್ನು ಏನು ಮಾಡಬೇಕು ಎಂಬುದು ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಸಹಜ. ಹೊಸಬನಿಗೆ ಮಾತ್ರ ಪರೀಕ್ಷೆ. ವರ್ಷಕ್ಕೆ ಎರಡು ಸಲ ಹುಡುಗರನ್ನು ಪರೀಕ್ಷೆಗೆ ಕೂರಿಸುವ ಮಾಸ್ತರನಾದ ನಾನು, ಒಂದು ರವಿವಾರ ಬೆಳಗಾವಿಯ ಲುಥೆರನ್ ದೇವಾಲಯದಲ್ಲಿ ಎಲ್ಲರ ಎದುರಿಗೆ ನಪಾಸಾದೆ. ಅದೂ ಮಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಆಗ ನಾನು ಅದೇ ಊರಿನ ಶಹಾಪುರದಲ್ಲಿ ಒಂದು ಖೋಲಿ ಹಿಡಿದು ಒಬ್ಬನೇ ಇದ್ದೆ. ಬಾಣಂತನಕ್ಕೆಂದು ಖಾನಾಪುರದ ತವರಿಗೆ ಹೋದ ನನ್ನ ಹೆಂಡತಿ ರತ್ನವ್ವ, ಮಗನಿಗೆ ಎಂಟು ತಿಂಗಳಾದರೂ ಮರಳಿರಲಿಲ್ಲ. ನಾನು ಕೆಲಸಕ್ಕಿದ್ದದ್ದು ಕ್ರೈಸ್ತರು ನಡೆಸುವ ಸಾಲೆಯಲ್ಲಿ. ಅಳಿಯ ಜಾತಿ ಬಿಟ್ಟು ಅವರ ಕಡೆ ಹೋಗಿದ್ದಾನೆಂದು ಯಾರೋ ಪುಣ್ಯಾತ್ಮರು ಮಾವನವರ ಕಿವಿಗೆ ಹಾಕಿದ್ದರು. ಬಸದಿಗೆ ಹೋಗಿಬರದೆ ಬಾಯಿಗೆ ನೀರು ಹಾಕದ ಜೈನರು ಅವರು. “ಅಲ್ಲಿ ಏನ ನಡೀತೈತಿ ಅಂತ ನಾನ ಕಣ್ಣಾರೆ ನೋಡೂ ತನಕಾ ಮಗಳನ್ನ ಕಳಸಂಗಿಲ್ಲ” ಎಂದು ಹೇಳಿ ಕಳಿಸಿದರು. ಇತ್ತ ನಾನು ಅವಳು ಹೋದಾಗಿನಿಂದ ಒಂದೇ ಬಗೆಯ ಸಾರು ಕಾಯಿಸಿ ಉಣ್ಣುತ್ತಿದ್ದೆ. ಮೊದಮೊದಲು ಅದಕ್ಕೆ ಬೇಳೆಸಾರು ಎನ್ನುತ್ತಿದ್ದೆ. ಆಮೇಲೆ ಹೆಸರಿಡುವುದನ್ನೇ ಬಿಟ್ಟೆ. ಸಾರು ಹಾಳಾಗಲಿ, ಮಗನನ್ನು ನೋಡಿದ್ದು ಮೂರೇ ಸಲ. ನನ್ನನ್ನು ಕಂಡರೆ ಅವನು ಪರಕೀಯನನ್ನು ಕಂಡಂತೆ ಅಳುತ್ತಿದ್ದ. ಅದರಿಂದ ನನಗೆ ಬಹಳ ನೋವಾಗುತ್ತಿತ್ತು.

ಸುಗ್ಗಿಹಬ್ಬದ ಆರಾಧನೆ ಬಂತು. ನಮ್ಮ ಹೆಡ್‌ಮಾಸ್ತರರಾದ ಸಾಮ್ಯುವೆಲ್ಲಪ್ಪನವರು ಕರೆದು ಹೇಳಿದರು: “ನಿಮ್ಮ ಮಾವನವರನ್ನ ಕರಕೊಂಡ ಬರ್ರಿ. ಬಾಗಲಾ ಎಲ್ಲಾರಿಗೂ ತೆರದೈತಿ. ಅಲ್ಲಿ ಯಾವಾಗ ಏಳೂದು, ಯಾವಾಗ ಕುಂದ್ರೂದು ಅಂತ ಒಂದೀಟು ಹೇಳ್ತೀನಿ, ಕೇಳ್ರಿ.”

“ಬ್ಯಾಡ್ರಿ, ನನಗ ಗೊತ್ತೈತಿ” ಎಂದೆ. ಗೊತ್ತಿದ್ದದ್ದು ಹೊರಗಿನ ಗೇಟು ಮಾತ್ರ. ಆದರೆ ಮಾಸ್ತರನಾದವನು ಇನ್ನೊಬ್ಬ ಮಾಸ್ತರನಿಂದ ಪಾಠ ಹೇಳಿಸಿಕೊಳ್ಳುವುದುಂಟೆ? ಆ ರವಿವಾರ ಖಾನಾಪುರದ ಗಾಡಿಯಿಂದ ಇಳಿದ ಮಾವನವರಿಗೂ ಅದೇ ಠೀವಿಯಲ್ಲಿ, “ಚಿಂತಿ ಮಾಡಬ್ಯಾಡ್ರಿ ಮಾವಾರ, ನಾ ಮಾಡಿದಂಗ ಮಾಡ್ರಿ, ಅಷ್ಟ” ಎಂದೆ. ಅವರು ನನ್ನ ಹೊಸ ಖಾದಿ ಟೋಪಿಯಿಂದ ಕಾಲಿನವರೆಗೆ ಒಮ್ಮೆ ನೋಡಿ, “ಹಂಗಾರ ಭಾಳ ರೂಢಿ ಐತಿ ಅನ್ರಿ” ಎಂದರು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಟಾಂಗಾ ದೇವಾಲಯದ ಮುಂದೆ ನಿಂತ ಮೇಲೆ: ರೂಢಿ ಇದೆಯೆಂದರೆ ಜಾತಿ ಬಿಟ್ಟದ್ದು ನಿಜವೆಂದು ನಾನೇ ಒಪ್ಪಿಕೊಂಡಂತೆ.

ಬಾಗಿಲಲ್ಲಿ ಒಬ್ಬ ಹಿರಿಯರು ಕೈಮುಗಿದು, “ಬರ್ರಿ, ಎಲ್ಲೆ ಬೇಕು ಅಲ್ಲೆ ಕುಂದರ್ರಿ” ಎಂದರು. ಹಿಂದಿನ ಬೆಂಚುಗಳೆಲ್ಲ ತುಂಬಿದ್ದವು. ತೀರ ಮುಂದಿನದು ಮಾತ್ರ ಖಾಲಿ. ಅತಿಥಿಗಳಿಗೆಂದೇ ಬಿಟ್ಟಿರಬೇಕೆಂದು ನಾನು ಎದೆಯುಬ್ಬಿಸಿ ನಡೆದು ಅಲ್ಲಿ ಕುಳಿತೆ. ಓದುಗರೇ, ನೀವು ಎಂದಾದರೂ ಹೋದರೆ ಮುಂದಿನ ಬೆಂಚಿನಲ್ಲಿ ಕೂರಬೇಡಿ. ಹಿಂದೆ ಕುಳಿತವನು ಮುಂದಿನವರ ಬೆನ್ನು ನೋಡಿ ಎಲ್ಲವನ್ನೂ ಕಲಿಯುತ್ತಾನೆ. ನನ್ನ ಮುಂದೆ ಇದ್ದದ್ದು ಸುಗ್ಗಿಯ ಕಾಣಿಕೆಯಾಗಿ ಬಂದ ಭತ್ತದ ರಾಶಿ, ಕಬ್ಬಿನ ಜಲ್ಲೆ ಮತ್ತು ಏಳು ಕುಂಬಳಕಾಯಿ. ಅವು ಏಳುವವೂ ಅಲ್ಲ, ಕೂರುವವೂ ಅಲ್ಲ.

ಹಾಗಾಗಿ ಕಿವಿಯನ್ನೇ ನಂಬಿದೆ. ಹಿಂದೆ ಬೆಂಚು ಕಿರ್ರೆಂದಿತು. ಎದ್ದು ನಿಂತೆ, ಮಾವನವರೂ ಎದ್ದರು. ತಿರುಗಿ ನೋಡಿದರೆ ಯಾರೋ ದಪ್ಪನೆಯವರು ಮಗ್ಗುಲು ಬದಲಿಸಿದ್ದರು, ಅಷ್ಟೆ. ಕುಳಿತೆವು. ಕೂಡಲೇ ಸಭೆಯೆಲ್ಲ ಎದ್ದಿತು. ಹಾರ್ಮೋನಿಯಂ ಬಾರಿಸಿದರು, ಇಂಗ್ಲಿಷ್ ಹಾಡು ಬರುತ್ತದೆಂದು ಮಾವನವರಿಗೆ ಹೇಳಿ ಮುಗಿಸುವಷ್ಟರಲ್ಲಿ ಅಚ್ಚಗನ್ನಡದ ಕೀರ್ತನೆ ಶುರುವಾಯಿತು. ಮಾವನವರ ಬೆರಳು ತೊಡೆಯ ಮೇಲೆ ತಾಳ ಹಾಕಿತು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ಅವರು ಮಾತ್ರ ಕಣ್ಣು ಬಿಟ್ಟುಕೊಂಡು, “ಭತ್ತ ಖಾನಾಪುರದ ಕಡೀದ ಐತಿ, ಆದರ ಒಣಗಿಲ್ಲ” ಎಂದು ಪಿಸುಗುಟ್ಟಿದರು. ಬೈಬಲಿನಿಂದ ಸುವಾರ್ತೆ ಓದುವಾಗ ಎಲ್ಲರೊಂದಿಗೆ ಸರಿಯಾಗಿ ಎದ್ದೆ. ಅದೊಂದೇ ಗೆಲುವು.

ಉಪದೇಶ ಮುಗಿದ ಮೇಲೆ ವಯಸ್ಸಾದ ಪಾದ್ರಿ ಅಯ್ಯನವರು ಏನೋ ಸೂಚನೆ ಕೊಟ್ಟರು. ನಾನು ಉಪದೇಶದ ಸಾರಾಂಶವನ್ನು ಮಾವನವರಿಗೆ ವಿವರಿಸುವ ಗಡಿಬಿಡಿಯಲ್ಲಿದ್ದೆ, ಕೇಳಿಸಲಿಲ್ಲ. ನೋಡಿದರೆ ಹಿಂದಿನವರೆಲ್ಲ ಎದ್ದು ಮುಂದೆ ಹೋಗುತ್ತಿದ್ದಾರೆ. ಮುಂದಿನ ಸಾಲಿನವರು ನಾವೇ ಹಿಂದುಳಿದೆವಲ್ಲ ಎಂದು ಮಾವನವರ ಕೈ ಹಿಡಿದು ಹೋಗಿ ಮರದ ಕಟಾಂಜನದ ಮುಂದೆ ಅವರ ಸಾಲಿನಲ್ಲಿ ಮೊಣಕಾಲೂರಿದೆ. ಆಗ ಕಂಡಿತು: ಅಯ್ಯನವರು ಒಬ್ಬೊಬ್ಬರಿಗೇ ರೊಟ್ಟಿಯ ಚೂರು, ಅದರ ಬೆನ್ನಿಗೇ ದ್ರಾಕ್ಷಾರಸದ ಬಟ್ಟಲು ಕೊಡುತ್ತ ನಮ್ಮತ್ತ ಬರುತ್ತಿದ್ದಾರೆ.

ಮದ್ಯವೆಂಬ ಮಾತನ್ನೂ ಮನೆಯಲ್ಲಿ ಆಡಗೊಡದ ಮಾವನವರು ಪಕ್ಕದಲ್ಲಿ ಮೊಣಕಾಲೂರಿದ್ದಾರೆ, ಊರಿಸಿದವನು ನಾನು. ರತ್ನವ್ವ, ಮಗ, ಸಂಸಾರ ಎಲ್ಲ ಇಲ್ಲಿಗೆ ಮುಗಿಯಿತೆಂದುಕೊಂಡು ತುಟಿ ಬಿಗಿಹಿಡಿದು ಕುಳಿತೆ. ಅಯ್ಯನವರು ಬಂದರು. ನಮ್ಮ ಹಣೆಯ ಗಂಧ ನೋಡಿದರು. ಮುಗುಳ್ನಕ್ಕು ಬಟ್ಟಲನ್ನು ಹಿಂದಿಟ್ಟು, ನನ್ನ ಟೋಪಿಯ ಮೇಲೆ ಒಂದು ಕೈ, ಮಾವನವರ ರುಮಾಲಿನ ಮೇಲೆ ಒಂದು ಕೈ ಇಟ್ಟು, ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ ಎಂದು ಮೆಲ್ಲಗೆ ಹರಸಿ ಮುಂದೆ ಹೋದರು. ಅತಿಥಿಗಳಿಗೆ ಅಲ್ಲಿ ಸಿಗುವುದು ಅದು. ನನಗೆ ಅಳುವೇ ಬಂದುಬಿಟ್ಟಿತ್ತು.

ಆರಾಧನೆ ಮುಗಿದ ಮೇಲೆ ಮಾವನವರನ್ನು ಸ್ಟೇಶನ್ನಿಗೆ ಮುಟ್ಟಿಸಿದೆ. ಗಾಡಿ ಹತ್ತಿ ಕಿಟಕಿಯ ಬದಿಗೆ ಕುಳಿತ ಮೇಲೆ ಹೇಳಿದರು: “ಆ ಮುದುಕ ಅಯ್ಯನವರು ಭಾಳ ಚಲೋ ಮನಶ್ಯಾ. ನೋಡ್ರಿ ಅಳಿಯಂದ್ರ, ನೀವು ಆ ಮಂದ್ಯಾಗ ಕೂಡೀರಿ ಅಂತ ಅಂಜಿದ್ದೆ. ಇವತ್ತ ಸಂಶೇ ಹೋತು. ಖರೇನ ದಿನಾ ಹೋಗಿ ಬರಾವ್ರಾಗಿದ್ರ ಏಳೂದು ಕುಂದ್ರೂದರ ಬರ್ತಿತ್ತು. ನಿಮಗ ಅಲ್ಲೀದು ಏನೇನೂ ಗೊತ್ತಿಲ್ಲ. ಬುಧವಾರ ರತ್ನಾನ್ನ, ಕೂಸಿನ್ನ ಕಳಸ್ತೀನಿ.”

ಜಾಣನಾಗಿದ್ದರೆ ಕೈಮುಗಿದು ಸುಮ್ಮನೆ ಮನೆಗೆ ಬರಬೇಕಿತ್ತು. ಆದರೆ ಗಾಡಿ ಹೊರಟಿತು, ನನ್ನಿಂದ ತಡೆಯಲಾಗಲಿಲ್ಲ. ಕಿಟಕಿಯ ಜೊತೆಜೊತೆಗೇ ಓಡುತ್ತ, “ಮಾವಾರ, ಸುವಾರ್ತಾ ಓದೂವಾಗ ಎದ್ದದ್ದು ಮಾತ್ರ ಬರೋಬರಿ ಇತ್ರಿ” ಎಂದು ಕೂಗಿ ಹೇಳಿದೆ.