ಕೊನೆಯ ಅಧ್ಯಾಯಕ್ಕೆ ವಾಡಿಗೆ ಬರ್ರಿ

ನಮ್ಮ ಕಾಕಾನಷ್ಟು ಪುಸ್ತಕ ಪ್ರೀತಿಸಿದ ಮನುಷ್ಯ ವಾಡಿಯಿಂದ ಚಿಂಚೋಳಿಯವರೆಗೆ ಹುಡುಕಿದರೂ ಸಿಗುವುದಿಲ್ಲ. ಕಾಕಾನಷ್ಟು ಪುಸ್ತಕಗಳನ್ನು ಚಾಕು ಹಿಡಿದು ಕೊಯ್ದ ಮನುಷ್ಯನೂ ಸಿಗುವುದಿಲ್ಲ. ಗಾಬರಿಯಾಗಬೇಡಿ, ಕೊಯ್ಯುತ್ತಿದ್ದದ್ದು ಕೊನೆಯ ಅಧ್ಯಾಯವನ್ನು ಮಾತ್ರ. ಉಳಿದ ಭಾಗವನ್ನು ಕಣ್ಣಿಗೊತ್ತಿಕೊಂಡು, ಖಾಕಿ ಕಾಗದದ ಹೊದಿಕೆ ಹಾಕಿ, ಕೇಳಿದವರಿಗೆಲ್ಲ ಓದಲು ಕೊಡುತ್ತಿದ್ದರು.

ಕಾಕಾ ವಾಡಿ ಜಂಕ್ಷನ್ನಿನಲ್ಲಿ ಪಾರ್ಸಲ್ ಗುಮಾಸ್ತರು. ಓದುತ್ತಿದ್ದದ್ದು ಎರಡೇ ಜಾತಿಯ ಪುಸ್ತಕ. ಒಂದು, ಮಂತ್ರವಾದಿ, ಜಿನ್ನು, ಹಾರುವ ಕುದುರೆ ಇರುವಂಥದ್ದು. ಇನ್ನೊಂದು, ಆಕಾಶನೌಕೆ, ಯಂತ್ರಮಾನವ, ಬೇರೆ ಗ್ರಹದ ಮಂದಿ ಇರುವಂಥದ್ದು. ಯಾರಾದರೂ ಅತ್ತೆ ಸೊಸೆಯರ ಕಾದಂಬರಿ ತಂದು ಕೊಟ್ಟರೆ, "ಇದು ದಿನಾ ನಮ್ಮ ಓಣ್ಯಾಗ ನಡೀತದ, ಪುಸ್ತಕ ಎದಕ ಬೇಕು?" ಎಂದು ಅಲ್ಲೇ ವಾಪಸು ಕೊಡುತ್ತಿದ್ದರು. ಹೈದರಾಬಾದಿನ ಫುಟ್‌ಪಾತಿನಿಂದ ಉರ್ದು ಪುಸ್ತಕ, ಧಾರವಾಡದಿಂದ ಕನ್ನಡ ಪುಸ್ತಕ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರಾದ್ದರಿಂದ ಎರಡನ್ನೂ ಒಂದೇ ವೇಗದಲ್ಲಿ ನುಂಗುತ್ತಿದ್ದರು.

ಮೊದಮೊದಲು ಇಡೀ ಪುಸ್ತಕವನ್ನೇ ಕೊಡುತ್ತಿದ್ದರಂತೆ. ಬುದ್ಧಿ ಕೆಟ್ಟದ್ದು ಶಹಾಬಾದಿನ ಫರಸಿ ಕಲ್ಲಿನ ಕಾರಖಾನೆಯ ಮೇಸ್ತ್ರಿಯಿಂದ. ಸಮುದ್ರದ ತಳದಲ್ಲಿ ಗಾಜಿನ ಪಟ್ಟಣ ಕಟ್ಟಿಕೊಂಡವರ ಕಥೆಯೊಂದನ್ನು ಕಾಕಾ ಅವರಿಗೆ ಕೊಟ್ಟರು. ಕೊನೆಯಲ್ಲಿ ಸಮುದ್ರವೇ ಬತ್ತಿ, ಪಟ್ಟಣ ಬಿಸಿಲಿಗೆ ಬಂದು ನಿಲ್ಲುತ್ತದೆ. ಓದಿದ ಮೇಲೆ ಮೇಸ್ತ್ರಿ ಓಡೋಡಿ ಬರುತ್ತಾರೆ, ತಾವಿಬ್ಬರೂ ಕೂತು ಊಟ ನಿದ್ದೆ ಬಿಟ್ಟು ಚರ್ಚಿಸಬಹುದು ಎಂದು ಕಾಕಾ ಆರು ತಿಂಗಳು ದಾರಿ ಕಾದರು. ಆರು ತಿಂಗಳ ಮೇಲೆ ಪುಸ್ತಕ ಯಾರದೋ ಕೈಯಲ್ಲಿ ವಾಪಸು ಬಂತು. ಜೊತೆಗೆ ಎರಡೇ ಎರಡು ಶಬ್ದದ ಸಂದೇಶ: "ಚಲೋ ಅದ."

ಕಾಕಾ ಅವತ್ತು ಊಟ ಮಾಡಲಿಲ್ಲವಂತೆ. "ಸಮುದ್ರ ಬತ್ತಿ ಹೋಗ್ಯದ. ಪಟ್ಟಣದ ಮಂದಿ ಬಾಯಿ ಬಾಯಿ ಬಡ್ಕೊಳ್ಳಿಕತ್ತಾರ. ಇಂವ ಚಲೋ ಅದ ಅಂತಾನ. ಏನ್ ಚಲೋ ಅದ? ಹುಳಿಬ್ಯಾಳಿ ಅದೇನು?"

ನನ್ನ ಪ್ರಕಾರ ಕಾಕಾನಿಗೆ ಪುಸ್ತಕ ವಾಪಸು ಬರದಿದ್ದರೂ ಬೇಸರವಿರಲಿಲ್ಲ. ಓದಿದವರು ಎದುರಿಗೆ ಬಂದು ಕೂತು ಅದರ ಬಗ್ಗೆ ಮಾತಾಡಬೇಕು, ಜೀವನದಲ್ಲಿ ಆ ಮನುಷ್ಯ ಬಯಸಿದ್ದು ಅದೊಂದನ್ನೇ. ಅದು ಸುಮ್ಮನೆ ಆಗುವುದಿಲ್ಲವೆಂದು ಗೊತ್ತಾದ ಮೇಲೆ ಪಾರ್ಸಲ್ಲಿನ ಹೊಲಿಗೆ ಬಿಚ್ಚುವ ಚಾಕು ಕೈಗೆ ಬಂತು. ಕೊನೆಯ ಅಧ್ಯಾಯ ಟ್ರಂಕಿನೊಳಗೆ ಸೇರಿತು. ಅದು ಇರಬೇಕಾದ ಜಾಗದಲ್ಲಿ ಒಂದು ಚೀಟಿ: "ಉಳಿದ ಸರಕನ್ನು ಓದುಗರು ವಾಡಿಗೆ ಸ್ವತಃ ಬಂದು ಬಿಡಿಸಿಕೊಳ್ಳತಕ್ಕದ್ದು."

ಬಂದವರಿಗೂ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಮೊದಲು ಜಗುಲಿಯ ಮೇಲೆ ಕೂತು ಚಹಾ ಕುಡಿಯಬೇಕು. ಆಮೇಲೆ ಮುಂದೇನಾಗುತ್ತದೆ ಎಂದು ತಮ್ಮ ಊಹೆ ಹೇಳಬೇಕು. ಕಾಕಾ ಅದನ್ನು "ಸಾಫ್ ಗಲತ್" ಎಂದು ತಳ್ಳಿಹಾಕಿ ಒಂದು ತಾಸು ವಾದ ಮಾಡುತ್ತಿದ್ದರು. ಅನಂತರ ಟ್ರಂಕು ತೆರೆಯುತ್ತಿತ್ತು. ಅಲ್ಲೇ ಅವರ ಕಣ್ಣೆದುರೇ ಓದಬೇಕು. ಓದಿ ಮುಗಿಸಿದ ಮೇಲೆ ಇನ್ನೊಂದು ತಾಸು. ಎಷ್ಟೋ ಜನ ಊರಿಗೆ ಹೋಗುವ ಗಾಡಿ ತಪ್ಪಿಸಿಕೊಂಡು ಅಲ್ಲೇ ಊಟ ಮಾಡಿದ್ದಾರೆ.

ಎಲ್ಲರಿಗಿಂತ ದೂರದಿಂದ ಬರುತ್ತಿದ್ದವರು ಚಿಂಚೋಳಿ ಕಡೆಯ ಚಿಮ್ಮನಚೋಡದ ಮಾಸ್ತರು. ಬಸ್ಸಿನಲ್ಲಿ ಸೇಡಮ್ಮಿಗೆ ಬಂದು, ಅಲ್ಲಿ ಪ್ಯಾಸೆಂಜರ್ ಹಿಡಿದು ವಾಡಿಗೆ. ಯಾಕೆ? ಸಿಂಹಾಸನ ಏರಿದ ಯಂತ್ರಮಾನವ ಅದನ್ನು ಬಿಟ್ಟು ಇಳಿಯುತ್ತಾನೋ ಇಲ್ಲವೋ ತಿಳಿಯುವುದಕ್ಕೆ! ಮನೆಯಲ್ಲಿ ಮಾತ್ರ ಶಾಲೆಯ ಕೆಲಸವೆಂದು ಹೇಳಿ ಬರುತ್ತಿದ್ದರು. ಪಾಪ, ಮಾಸ್ತರು ಭಾಳ ಶಾಣ್ಯಾ ಮನುಷ್ಯ. ಒಂದು ಸಲ ಮೊದಲ ಏಟಿಗೇ ಸರಿಯಾದ ಊಹೆ ಹೇಳಿಬಿಟ್ಟರು. ಕಾಕಾನ ಮುಖ ನೋಡಬೇಕಿತ್ತು! ವಾದಕ್ಕೆ ಜಾಗವೇ ಇಲ್ಲ. ಕೊನೆಯ ಅಧ್ಯಾಯವನ್ನು ಮಾಸ್ತರ ಕೈಗೆ ತುರುಕಿ ಹಿತ್ತಲಿಗೆ ಹೋಗಿ ನಿಂತುಬಿಟ್ಟರು. ಅವತ್ತು ಮಾಸ್ತರಿಗೆ ಎರಡನೆಯ ಚಹಾ ಸಿಗಲಿಲ್ಲ.

ಈ ಚಹಾ ಮಾಡುತ್ತಿದ್ದವರು ಕಾಕಾನ ಹೆಂಡತಿ, ನಮ್ಮ ಚಿಗವ್ವ. ಚಿಗವ್ವನಿಗೆ ಅಕ್ಷರ ಬಾರದು. ಆದರೆ ಅಡುಗೆಮನೆಯ ಬಾಗಿಲು ಜಗುಲಿಗೆ ತೆರೆದುಕೊಂಡಿತ್ತಲ್ಲ, ಕಿವಿಗೆ ಬಾಗಿಲು ಹಾಕುವುದು ಹೇಗೆ? ವರ್ಷಗಟ್ಟಲೆ ಬರೀ ಕೊನೆಯ ಅಧ್ಯಾಯಗಳನ್ನೇ ಕೇಳಿದ ಕಾರಣ ಅವರಿಗೆ ಎಲ್ಲ ಲೋಕಗಳೂ ಹೇಗೆ ಮುಗಿಯುತ್ತವೆಂದು ಗೊತ್ತಿತ್ತು, ಒಂದೂ ಹೇಗೆ ಶುರುವಾಗುತ್ತದೆಂದು ಗೊತ್ತಿರಲಿಲ್ಲ. ಒಂದು ದಿನ ಮಾಸ್ತರು ಯಾವುದೋ ರಾಜಕುಮಾರನ ಜೀವದ ಚಿಂತೆಯಲ್ಲಿ ಬೆವರುತ್ತಿದ್ದಾಗ, "ಅಂವ ಸಾಯಂಗಿಲ್ರಿ ಮಾಸ್ತರ, ಗಿಳಿ ಬಂದು ಉಳಸ್ತದ. ನೀವು ಚಾ ಕುಡೀರಿ, ಆರಿ ಹೋಗ್ಲಿಕತ್ತದ," ಎಂದುಬಿಟ್ಟರು. ಕಾಕಾ ಎಂಟು ದಿನ ಹೆಂಡತಿಯೊಡನೆ ಮಾತಾಡಲಿಲ್ಲ. ಎಂಟು ದಿನ ಭಾಳ ಆರಾಮಾಗಿತ್ತು ಎಂದು ಚಿಗವ್ವ ನನ್ನ ಅವ್ವನ ಮುಂದೆ ಹೇಳಿಕೊಂಡು ನಕ್ಕಿದ್ದರು.

ಇನ್ನು ನನ್ನ ಮದುವೆಯ ವಿಷಯಕ್ಕೆ ಬರೋಣ. ನಮ್ಮದು ಚಿತ್ತಾಪುರ. ಆಗಷ್ಟೇ ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದಿತ್ತು, ನನಗೆ ಹತ್ತೊಂಬತ್ತು ತುಂಬಿತ್ತು. ಸೇಡಮ್ಮಿನ ಕಂಪೌಂಡರ್ ಒಬ್ಬರು ಹುಡುಗಿ ನೋಡಲು ಬರುವವರಿದ್ದರು. ಗಾಡಿಗೆ ಅನುಕೂಲವೆಂದು ಕಾಕಾನ ಮನೆಯಲ್ಲೇ ತೋರಿಸುವುದೆಂದಾಯಿತು. ನಾನು ಅವಲಕ್ಕಿ ತಾಟು ಹಿಡಿದು ಬಂದೆ. ಹುಡುಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಗೋಡೆಯ ಗೂಡಿನಲ್ಲಿದ್ದ ಪುಸ್ತಕದ ಮೇಲಿತ್ತು. ಹಸಿರು ಮೈಯ ಪರಗ್ರಹದವರು ಒಂದು ಹಳ್ಳಿಯ ಬಾವಿಗೆ ಬಂದಿಳಿಯುವ ಕಥೆ ಅದು. ಹೆಣ್ಣು ಹೇಗಿದೆ ಎಂದು ಹಿರಿಯರು ಕೇಳಿದರೆ, "ಇದು ಒಯ್ದು ಓದಬಹುದೇನ್ರಿ?" ಎಂದರು. ಕಾಕಾ ಹಿಗ್ಗಿ ಹೀರೇಕಾಯಾದರು. ಕೊಟ್ಟು ಕಳಿಸಿದರು, ಕೊನೆಯ ಅಧ್ಯಾಯ ಬಿಟ್ಟು.

ಒಪ್ಪಿಗೆಯ ಸುದ್ದಿ ಬರಲಿಲ್ಲ. ಒಂಬತ್ತನೆಯ ದಿನ ಹುಡುಗ ಒಬ್ಬರೇ ಏದುಸಿರು ಬಿಡುತ್ತ ಕಾಕಾನ ಮನೆಗೆ ಬಂದರು. ನಮ್ಮ ಅಪ್ಪನಿಗೆ ಯಾರೋ ಸುದ್ದಿ ಮುಟ್ಟಿಸಿದರು, ಅಪ್ಪ ಪೇಢೆ ತೆಗೆದುಕೊಂಡು ಹೊರಟೇಬಿಟ್ಟರು. ಹಸಿರು ಮಂದಿಯ ಚರ್ಚೆ ಮುಗಿಸಿ ಆ ಮನುಷ್ಯ ಏಳುವಷ್ಟರಲ್ಲಿ ಬಾಯಿಗೆ ಪೇಢೆ ಬಿದ್ದು, ನಿಶ್ಚಯ ಮುಗಿದಿತ್ತು. ನನ್ನ ಗಂಡ ನನಗಾಗಿ ಬಂದರೋ ಕೊನೆಯ ಅಧ್ಯಾಯಕ್ಕಾಗಿ ಬಂದರೋ ಎಂದು ನಾನು ಇವತ್ತಿಗೂ ಕೇಳುತ್ತೇನೆ. ಅವರು ಇವತ್ತಿಗೂ ಆ ಮಾತಿಗೆ ಕೆಮ್ಮುತ್ತಾರೆ.

ಮದುವೆಯಾಗಿ ಎರಡು ವರ್ಷ ಎಲ್ಲವೂ ಸರಿಯಾಗಿತ್ತು. ನನ್ನ ಗಂಡ ತಿಂಗಳಿಗೆರಡು ಸಲ ವಾಡಿಗೆ ಹೋಗಿ ಕಾಕಾನ ಜೊತೆ ಗುದ್ದಾಡಿ ಬರುತ್ತಿದ್ದರು. ಆಮೇಲೆ ಒಂದು ವಿಚಿತ್ರ ನಡೆಯಿತು. ಉಳಿದ ಓದುಗರು ಕಾಕಾನ ಮನೆಗೆ ಬರುವುದನ್ನು ನಿಲ್ಲಿಸಿದರು. ಪುಸ್ತಕ ಮಾತ್ರ ತರಿಸಿಕೊಳ್ಳುವರು, ಓದುವರು, ಯಾರದೋ ಕೈಯಲ್ಲಿ ವಾಪಸು ಕಳಿಸುವರು. ಕೊನೆ ಏನಾಯಿತೆಂದು ಯಾರಿಗೂ ಬೇಡ! ಕಾಕಾ ಕೊಯ್ತ ಹೆಚ್ಚಿಸಿದರು. ಕೊನೆಯ ಎರಡು ಅಧ್ಯಾಯ ಕೊಯ್ದರು, ಮೂರು ಕೊಯ್ದರು. ಶಹಾಬಾದಿನ ಮೇಸ್ತ್ರಿಗಂತೂ ಒಂದು ಸಲ ರಟ್ಟು, ಮುನ್ನುಡಿ ಮತ್ತು ಮೊದಲ ನಾಲ್ಕು ಪುಟ ಮಾತ್ರ ಹೋದವು. ಮೇಸ್ತ್ರಿ ಅದನ್ನೂ ಓದಿ "ಚಲೋ ಅದ" ಎಂದು ಹೇಳಿ ಕಳಿಸಿದರು.

ಕಾಕಾ ಪ್ರತಿ ಪ್ಯಾಸೆಂಜರ್ ಬಂದಾಗಲೂ ಪ್ಲಾಟ್‌ಫಾರ್ಮಿಗೆ ಹೋಗಿ ಇಳಿಯುವವರ ಮುಖ ನೋಡುತ್ತಾರೆಂದು ಸುದ್ದಿ ಬಂತು. ನನಗೊಂದು ಕಾರ್ಡು ಬರೆದರು. "ಅಳಿಯಂದಿರನ್ನ ಬಿಟ್ಟರ ಯಾರೂ ಬರಲಿಕತ್ತಿಲ್ಲ, ಮಗಳೇ. ಕಥಿಗಳು ಕೆಟ್ಟಾವೋ, ನಾನೇ ಕೆಟ್ಟೀನೋ ತಿಳೀವಲ್ದು." ಆ ಕಾರ್ಡನ್ನು ಎರಡೆರಡು ಸಲ ಓದಿ ಎತ್ತಿಟ್ಟುಕೊಂಡೆ.

ಅದೇ ವಾರ ಗಂಡನ ಔಷಧಿ ಕಪಾಟು ಒರೆಸುವಾಗ ಇನ್ನೂರು ಪುಟದ ನೋಟುಬುಕ್ಕೊಂದು ಕೈಗೆ ಸಿಕ್ಕಿತು. ತೆರೆದು ನೋಡಿದರೆ, ಮುತ್ತಿನಂಥ ಅಕ್ಷರದಲ್ಲಿ, ಪುಸ್ತಕದ ಹೆಸರಿನ ಸಮೇತ, ಕಾಕಾನ ಟ್ರಂಕಿನಲ್ಲಿದ್ದ ಅಷ್ಟೂ ಕೊನೆಯ ಅಧ್ಯಾಯಗಳು! ನನ್ನ ಗಂಡನ ನೆನಪಿನ ಶಕ್ತಿ ರಾಕ್ಷಸನದು. ವಾಡಿಯಲ್ಲಿ ಓದಿದ್ದನ್ನು ಸೇಡಂ ಬರುವುದರೊಳಗೆ ಗಾಡಿಯಲ್ಲೇ ಕೂತು ಬರೆದಿಳಿಸಿದ್ದರು. ನೋಟುಬುಕ್ಕು ಚಿತ್ತಾಪುರ, ಶಹಾಬಾದ, ಚಿಂಚೋಳಿ ಎಲ್ಲ ಸುತ್ತಿ ಬಂದಿತ್ತು. ಅಂಚಿನಲ್ಲಿ ಯಾರದೋ ಚಹಾದ ಕಲೆಯೂ ಇತ್ತು.

"ಇದೇನ್ರಿ ಇದು?" ಎಂದೆ.

"ಮಾಸ್ತರಿಗಿ ಮೊಣಕಾಲ ನೋವು. ಅಷ್ಟು ದೂರ ಹ್ಯಾಂಗ ಹೋಗ್ತಾರ? ಔಷಧ ಕೊಟ್ಟಂಗ ಕೊಟ್ಟೆ."

"ಮೇಸ್ತ್ರಿಗೂ ಮೊಣಕಾಲ ನೋವೇನು? ಶಹಾಬಾದಿನಿಂದ ವಾಡಿ ಎಷ್ಟು ದೂರ ಅದ?"

ಕಂಪೌಂಡರು ಕೆಮ್ಮಿದರು. ಕಾಕಾನ ಕಾರ್ಡನ್ನು ಅವರ ಮೂಗಿನ ಕೆಳಗೆ ಹಿಡಿದೆ. ಓದಿದ ಮೇಲೆ ಕೆಮ್ಮು ನಿಂತಿತು. ತಾನು ಮಾಡಿದ್ದು ಇಷ್ಟು ದೂರ ಹೋಗುತ್ತದೆಂದು ಆ ಮನುಷ್ಯನಿಗೆ ನಿಜಕ್ಕೂ ಹೊಳೆದಿರಲಿಲ್ಲ. ಮರುದಿನವೇ ನೋಟುಬುಕ್ಕು ಕಂಕುಳಲ್ಲಿ ಇಟ್ಟುಕೊಂಡು, ತಪ್ಪೊಪ್ಪಿಕೊಳ್ಳಲು ನನ್ನ ಹಿಂದೆ ಹೊರಟರು. ದಾರಿಯುದ್ದಕ್ಕೂ ನಾನು ಒಂದು ಮಾತೂ ಆಡಲಿಲ್ಲ. ನಮ್ಮ ಚಿಗವ್ವನ ಎಂಟು ದಿನದ ಆರಾಮು ಅವರಿಗೂ ಸಿಗಲಿ ಅಂದುಕೊಂಡರೆ, ಪಾಪ, ಕಣ್ಣು ಕೆಂಪಗಾಗಿತ್ತು.

ಕಾಕಾನ ಮನೆ ಮುಟ್ಟಿದಾಗ ಮಧ್ಯಾಹ್ನ. ಅಂಗಳದಲ್ಲೇ ಜಗಳ ಕೇಳಿಸಿತು. ನೋಡಿದರೆ ಜಗುಲಿಯ ಮೇಲೆ ಕಾಕಾ, ಎದುರಿಗೆ ತೊಗರಿಬೇಳೆಯ ಮೊರ ಹಿಡಿದ ಚಿಗವ್ವ. ಓದುಗರು ಯಾರೂ ಬರುತ್ತಿಲ್ಲವಾದ್ದರಿಂದ ಎಂಟು ದಿನದಿಂದ ಚಿಗವ್ವನಿಗೇ ಒಂದು ಕಥೆಯನ್ನು ಮೊದಲ ಪುಟದಿಂದ ಓದಿ ಹೇಳುತ್ತಿದ್ದರಂತೆ. ಆಕಾಶನೌಕೆಯಲ್ಲಿ ಹೋದವರು ಭೂಮಿಗೆ ಮರಳುತ್ತಾರೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತ್ತು.

"ಬರಂಗಿಲ್ರಿ," ಎಂದರು ಚಿಗವ್ವ. "ಅಲ್ಲೇ ಹೊಲ ಮಾಡ್ಕೊಂಡು ಕುಂದರ್ತಾರ. ತೊಗರಿ ಬಿತ್ತತಾರ."

"ಸಾಫ್ ಗಲತ್. ನೀರಿಲ್ಲದ ಗ್ರಹದ ಮ್ಯಾಲ ತೊಗರಿ ಹ್ಯಾಂಗ ಬೆಳೀತದ?"

"ದಂಡೋತಿ ಊರಾಗಿನ ನಮ್ಮ ಹೊಲಕ್ಕ ಯಾರ ನೀರ ಬಿಟ್ಟಾರ? ಕರೀ ಎರಿ ಮಣ್ಣಿದ್ರ ಬೆಳೀತದ."

"ಅಲ್ಲಿ ಎರಿ ಮಣ್ಣ ಎಲ್ಲಿಂದ ಬರ್ತದ?"

"ನೀವು ಹೋಗಿ ನೋಡೀರೇನು?"

ಕಾಕಾ ತೊಡೆ ತಟ್ಟಿಕೊಂಡು ಎದ್ದು ನಿಂತರು. ನಮ್ಮ ಕಡೆ ಕೈ ಬೀಸಿ, "ಬರ್ರಿ, ಕುಂದ್ರಿ, ನಡುವ ಬಾಯಿ ಹಾಕಬ್ಯಾಡ್ರಿ," ಎಂದರು. ನನ್ನ ಗಂಡ ತೆರೆದ ಬಾಯಿ ಮುಚ್ಚಿಕೊಂಡರು. ಚಿಗವ್ವ ಚಹಾ ಇಡಲು ಒಳಗೆ ಹೋದರು, ನಾನೂ ಹಿಂದೆ ಹೋದೆ. ಆ ಕಥೆಯ ಕೊನೆ ಆ ಜಗುಲಿಯಲ್ಲಿ ಇಪ್ಪತ್ತು ಸಲವಾದರೂ ಚರ್ಚೆಯಾಗಿದ್ದು ನನಗೆ ಗೊತ್ತಿತ್ತು.

"ಚಿಗವ್ವ, ಅವರು ಭೂಮಿಗಿ ಬರ್ತಾರಂತ ನಿನಗ ಗೊತ್ತದಲ್ಲ?"

"ಗೊತ್ತದವ್ವ. ಇಳದ ಮ್ಯಾಲ ಅವರ ಗುರ್ತ ಒಬ್ಬರೂ ಹಿಡಿಯಂಗಿಲ್ಲ. ಅದೂ ಗೊತ್ತದ."

"ಮತ್ತ ತಪ್ಪ್ಯಾಕ ಹೇಳ್ದಿ?"

"ಬರೋಬ್ಬರಿ ಹೇಳಿದ್ರ ಮಾತು ಅಲ್ಲಿಗೇ ಮುಗೀತದ. ತಪ್ಪ ಹೇಳಿದ್ರ ಸಂಜಿಮಟ ಮಾತಾಡ್ತಾರ."

ನನ್ನ ಗಂಡ ನೋಟುಬುಕ್ಕು ಹಿಡಿದು ಬಾಗಿಲಿಗೆ ಬಂದು ನಿಂತಿದ್ದರು. ಚಿಗವ್ವ ಅದನ್ನು ನೋಡಿ ಬೆಚ್ಚಲಿಲ್ಲ. "ಮಾಸ್ತರ ಹೆಂಡ್ತಿ ಹೋದ ದೀಪಾವಳಿಗೇ ಹೇಳ್ಯಾಳ," ಎಂದರು, ದನಿ ತಗ್ಗಿಸಿ. "ಇವರಿಗಿ ಕೊಡಬ್ಯಾಡ್ರಿ. ಕಥಿ ಕೆಟ್ಟಾವ ಅಂತ ತಿಳಕೊಂಡಾರ, ತಿಳಕೊಳ್ಳಲಿ. ಮಂದಿಗಿ ಕಥಿ ಕೊನೀ ಬೇಕಾಗಿತ್ತು, ತಾ ಬ್ಯಾಡಾಗಿದ್ದೆ ಅಂತ ತಿಳದ್ರ ತಡಕೊಳ್ಳಂಗಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಒಲೆಯ ಹೊಗೆ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡೆ. ನನ್ನ ಗಂಡ ಯಾರೂ ಹೇಳದೆಯೇ ಬಗ್ಗಿ ನೋಟುಬುಕ್ಕನ್ನು ಒಲೆಗೆ ಹಾಕಿದರು. ರಟ್ಟು ಹತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಚಹಾ ಕುದಿದ ಮೇಲೆ ತಾವೇ ಕಪ್ಪು ಬಸಿ ಹಿಡಿದು ಹೊರಗೆ ಹೋಗಿ ಕಾಕಾನ ಎದುರಿಗೆ ನಿಂತರು, ಹಿಂದೆಯೇ ಚಿಗವ್ವನೂ ನಾನೂ ಬಂದೆವು.

"ಅಳಿಯಂದಿರು ಹೇಳ್ಲಿ ಈಗ," ಎಂದರು ಕಾಕಾ. "ಭೂಮಿಗಿ ಬರ್ತಾರೋ ಇಲ್ಲೋ?"

ಆ ಕೊನೆಯ ಅಧ್ಯಾಯವನ್ನು ಒಂದಕ್ಷರ ಬಿಡದೆ ಬಾಯಿಪಾಠ ಹೇಳಬಲ್ಲ ಮನುಷ್ಯ ತಲೆ ಕೆರೆದುಕೊಂಡರು. "ಚಿಗವ್ವ ಹೇಳಿದ್ದೇ ಖರೇ ಅನಸ್ತದ್ರಿ ಕಾಕಾ. ತೊಗರಿನೇ ಬಿತ್ತತಾರ."

ಕಾಕಾ ಕನ್ನಡಕ ತೆಗೆದು ಇಬ್ಬರನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಅಷ್ಟು ಖುಷಿಯಾಗಿದ್ದ ಮುಖವನ್ನು ನಾನು ಅವರಲ್ಲಿ ಎಷ್ಟೋ ದಿನದಿಂದ ಕಂಡಿರಲಿಲ್ಲ.

"ಇಬ್ಬರಿಗೂ ಏನೇನೂ ತಿಳಿದಿಲ್ಲ," ಎಂದರು. "ಕುಂದ್ರಿ, ಮೊದಲಿನಿಂದ ಹೇಳ್ತೀನಿ."

ನಾವು ಮೂವರೂ ಕೂತೆವು.