ನೋಡಿಲ್ಲ ಎಂದವನ ಸಾಕ್ಷಿ

ಆಡುವ ಮಾತಿನಲ್ಲಿ ಮಾಹಿತಿ ಯಾವುದು, ಅಭಿಪ್ರಾಯ ಯಾವುದು ಎಂದು ಬೇರ್ಪಡಿಸುವುದೇ ನನ್ನ ಹೊಟ್ಟೆಪಾಡು. ಬಳ್ಳಾರಿಯ ಒಂದು ಪತ್ರಿಕಾ ಕಚೇರಿಯಲ್ಲಿ ಬೇರೆಯವರ ವರದಿಗಳನ್ನು ತಿದ್ದುತ್ತ ತಲೆ ನರೆಸಿಕೊಂಡವನು ನಾನು. ‘ಬಿಸಿಲು ಭೀಕರವಾಗಿತ್ತು’ ಎಂದು ಯಾರಾದರೂ ಬರೆದರೆ ‘ಭೀಕರ’ವನ್ನು ಹೊಡೆದುಹಾಕುತ್ತೇನೆ. ಈ ಊರಲ್ಲಿ ಅದು ಅಭಿಪ್ರಾಯವೇ ಎಂದು ನನಗೇ ಅನುಮಾನವಿದ್ದರೂ ಹೊಡೆದುಹಾಕುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮುಖ್ಯಸ್ಥರು ಹೇಳಿಕೊಟ್ಟದ್ದು ಇಷ್ಟೇ: ಕಂಡದ್ದನ್ನು ಕಂಡೆ ಎಂದು ಬರಿ, ಕೇಳಿದ್ದನ್ನು ಯಾರಿಂದ ಕೇಳಿದೆ ಎಂದು ಬರಿ, ಅನಿಸಿದ್ದನ್ನು ಮನೆಗೆ ತೆಗೆದುಕೊಂಡು ಹೋಗು. ಅದರಂತೆ ಅನಿಸಿದ್ದನ್ನೆಲ್ಲ ಪಾರ್ವತಿನಗರದ ಮನೆಗೆ ಹೊತ್ತು ತಂದೆ. ಅಲ್ಲಿ ಕೇಳುವವರು ಯಾರೂ ಇಲ್ಲ. ನನಗೆ ಮದುವೆಯಾಗಿಲ್ಲ. ಯಾಕೆ ಆಗಲಿಲ್ಲ ಎಂಬ ಬಗ್ಗೆ ಓಣಿಯಲ್ಲಿ ಹಲವು ಅಭಿಪ್ರಾಯಗಳಿವೆ. ಖಚಿತ ಮಾಹಿತಿ ನನ್ನ ಬಳಿಯೂ ಇಲ್ಲ.

ಎದುರು ಮನೆಯ ಶಂಕ್ರಮ್ಮ ನನ್ನನ್ನು ಅಣ್ಣ ಎನ್ನುತ್ತಾರೆ. ಹಾಗಾಗಿ ಅವರ ಮಗ ವೀರೇಶನಿಗೆ ನಾನು ಮಾಮ. ಕುರುಗೋಡಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ವೀರೇಶ ಬೆಳಿಗ್ಗೆ ಬೈಕಿನಲ್ಲಿ ಹೋದರೆ ಸಂಜೆಗೆ ಬರುತ್ತಾನೆ. ಪ್ರತಿ ಭಾನುವಾರ ಆ ಮನೆಯಿಂದ ನನಗೆ ಜೋಳದ ರೊಟ್ಟಿ, ಪುಂಡಿಪಲ್ಯ ಬರುತ್ತಿತ್ತು. ಹೇಗಿತ್ತು ಎಂದು ಶಂಕ್ರಮ್ಮ ಕೇಳಿದರೆ ನಾನು ‘ಮೂರು ತಿಂದೆ’ ಎನ್ನುತ್ತಿದ್ದೆ. ಅಣ್ಣಾರು ಮೂರು ತಿಂದರೆಂದರೆ ಛಲೋ ಆಗಿದೆ ಎಂದು ತಿಳಿಯಬೇಕು ಎಂದು ಆಕೆ ಗಂಡನಿಗೆ ಅರ್ಥ ಬಿಡಿಸಿ ಹೇಳುತ್ತಿದ್ದರು. ವಾರದಲ್ಲಿ ನನ್ನ ಮಾತಿಗೆ ಅರ್ಥ ಹುಡುಕುವವರು ಅವರೊಬ್ಬರೇ ಆಗಿದ್ದರು.

ವೀರೇಶನಿಗೆ ಸಿರುಗುಪ್ಪದ ಹುಡುಗಿಯೊಂದಿಗೆ ಮದುವೆ ಮಾತು ನಡೆಯಿತು. ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನ ಮನೆಯಲ್ಲಿ ಚಹಾ ಕುಡಿಯುತ್ತಾರೆ. ಹುಡುಗನ ವಿಚಾರವನ್ನು ಮಾತ್ರ ಎದುರು ಮನೆಯಲ್ಲಿ ಕೇಳುತ್ತಾರೆ. ಹುಡುಗಿಯ ಅಪ್ಪ ಪಂಪಾಪತಿ ಮತ್ತು ಅವರ ಅಣ್ಣ ನನ್ನ ಮನೆಗೆ ಬಂದು ಕುಳಿತರು. ಅಂಗಡಿ ಸ್ವಂತದ್ದೋ ಬಾಡಿಗೆಯದೋ ಎಂದರು. ಬಾಡಿಗೆ ಎಂದೆ. ಆಮೇಲೆ ಪಂಪಾಪತಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, “ಹುಡುಗ ಕುಡೀತಾನೇನ್ರಿ?” ಎಂದು ಕೇಳಿದರು.

“ನಾ ನೋಡಿಲ್ರಿ,” ಎಂದೆ.

ಅಣ್ಣ ತಮ್ಮನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ಚೂಡಲೇದಂಟ” ಎಂದರು. ಬಳ್ಳಾರಿಯಲ್ಲಿ ತೆಲುಗಿನಲ್ಲಿ ಗುಟ್ಟು ಮಾತಾಡುವುದು ಮೈಕ್ ಹಿಡಿದು ಮಾತಾಡಿದ ಹಾಗೆ. ನೋಡಿಲ್ಲವಂತೆ ಎಂದಷ್ಟೇ ಅವರು ಹೇಳಿದ್ದು. ಉಲ್ಲೇಖದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೂ ಅದು ನಾನು ಹೇಳಿದ ಮಾತಿನ ಹಾಗೆ ಕೇಳಲಿಲ್ಲ. ಗೊಂದಲವಾಗಬಾರದೆಂದು ನಾನು ಇನ್ನಷ್ಟು ಮಾಹಿತಿ ಕೊಟ್ಟೆ: ದಿನವಿಡೀ ಕುರುಗೋಡಿನಲ್ಲಿರುತ್ತಾನೆ, ಅಲ್ಲಿ ಏನು ಮಾಡುತ್ತಾನೋ ನನಗೆ ತಿಳಿಯದು. ಅವರು ಅರ್ಧ ಚಹಾ ಬಿಟ್ಟು ಎದ್ದರು. ಒಂದೂ ಸುಳ್ಳಾಡಲಿಲ್ಲ, ಒಂದೂ ಅಭಿಪ್ರಾಯ ಹೇಳಲಿಲ್ಲ ಎಂಬ ನೆಮ್ಮದಿಯಲ್ಲಿ ನಾನು ಲೋಟಗಳನ್ನು ತೊಳೆದಿಟ್ಟೆ.

ಸಿರುಗುಪ್ಪದಿಂದ ‘ಮುಂದ ನೋಡೋಣ’ ಎಂಬ ಉತ್ತರ ಬಂತು. ಮದುವೆ ಮಾತಿನಲ್ಲಿ ಮುಂದೆ ನೋಡುವವರು ಮತ್ತೆ ಈ ಕಡೆ ನೋಡುವುದಿಲ್ಲ. ಶಂಕ್ರಮ್ಮ ಬಂದರು, ಬರಿಗೈಯಲ್ಲಿ.

“ಅಣ್ಣಾರ, ಕುಡಿಯಂಗಿಲ್ಲ ಅಂದಿದ್ರ ನಿಮ್ಮ ಬಾಯಿ ಸವೀತಿತ್ತೇನು?”

ನೋಡದೇ ಇರುವುದನ್ನು ಇಲ್ಲವೆಂದು ಹೇಳಲು ಬರುವುದಿಲ್ಲ, ನೋಡಿಲ್ಲ ಎಂದರೆ ನೋಡಿಲ್ಲ ಎಂದಷ್ಟೇ ಅರ್ಥ ಎಂದು ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, “ಪೇಪರ್‌ನಾಗ ಅಷ್ಟ ಇರಬೋದು. ಎದುರು ಮನಿಯಾಗ ಇರೋರು ನೋಡಿಲ್ಲ ಅಂದ್ರ, ದಿನಾ ನೋಡ್ತೀವಿ, ಹೇಳಾಕ ಮನಸಿಲ್ಲ ಅಂತ ಅರ್ಥ,” ಎಂದು ಹೇಳಿ ಹೋದರು. ಅವರ ಬಾಗಿಲು ಮುಚ್ಚಿತು. ಭಾನುವಾರಗಳಂದು ನಾನು ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆ. ‘ಇನ್ನೇನ್ ಬೇಕ್ರಿ?’ ಎಂದು ಕೇಳುತ್ತಿದ್ದ ಮಾಣಿಗೆ ಉತ್ತರ ಹೇಳಿದರೆ ಆ ದಿನದ ನನ್ನ ಸಂಭಾಷಣೆ ಮುಗಿಯುತ್ತಿತ್ತು.

ವೀರೇಶ ಮಾತ್ರ ಮಾತು ಬಿಡಲಿಲ್ಲ. ಒಂದು ಸಂಜೆ ಬೈಕ್ ನಿಲ್ಲಿಸಿ, “ಮಾಮ, ನಾ ಕುಡಿಯಂಗಿಲ್ಲ ಅಂತ ನಿಮಗ ಗೊತ್ತಿಲ್ಲೇನು?” ಎಂದ.

“ಗೊತ್ತೈತಿ,” ಎಂದೆ.

“ಮತ್ತ?”

ಸಿರುಗುಪ್ಪದಾಕಿ ಫೋನ್ ಎತ್ತವಲ್ಲಳು ಎಂದು ವೀರೇಶ ನೆಲ ನೋಡುತ್ತ ಹೇಳಿ ಹೋದ. ಹಿಂದೊಮ್ಮೆ ನಾನು ಜ್ವರ ಬಂದು ಬಿದ್ದಾಗ ಇದೇ ಬೈಕಿನಲ್ಲಿ ನನ್ನನ್ನು ಆಸ್ಪತ್ರೆಗೆ ಒಯ್ದು, ಅಂಗಡಿ ಮುಚ್ಚಿ ಹಾಸಿಗೆ ಪಕ್ಕ ಕುಳಿತಿದ್ದ ಹುಡುಗ ಅವನು. ಆ ವಿಷಯವನ್ನು ಸಿರುಗುಪ್ಪದವರಿಗೆ ಹೇಳಿರಲಿಲ್ಲ. ಅವರು ಕೇಳಿರಲಿಲ್ಲ.

ಪತ್ರಿಕೆಯಲ್ಲಿ ಇಂಥದ್ದಾದರೆ ಒಳಪುಟದ ಮೂಲೆಯಲ್ಲಿ ‘ಸ್ಪಷ್ಟೀಕರಣ’ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಇಲ್ಲಿ ನಾನೇ ಬಸ್ ಹತ್ತಬೇಕಾಯಿತು. ರಜೆಯ ದಿನ ಸಿರುಗುಪ್ಪಕ್ಕೆ ಹೋದೆ. ಗದ್ದೆಗಳ ಪಕ್ಕದಲ್ಲಿ ಪಂಪಾಪತಿಯವರ ಮನೆ. ಹುಡುಗಿಯೇ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು. ಅಂದು ನಾನು ಹೇಳಿದ್ದು ತಪ್ಪಲ್ಲ, ಆದರೆ ಅಪೂರ್ಣ ಎಂದು ಪೀಠಿಕೆ ಹಾಕಿ, ಜ್ವರದ ವಿಷಯವನ್ನು ಕಂಡದ್ದು ಕಂಡಂತೆ ಹೇಳಿದೆ. ಪಂಪಾಪತಿ ಪೂರ್ತಿ ಕೇಳಿದರು.

“ಅದೆಲ್ಲ ಇರ್ಲಿ ಬಿಡ್ರಿ. ಹುಡುಗ ನಿಮಗ ಮಾಮ ಅಂತಾನಂತ. ನಿಮಗೊಬ್ಬಾಕಿ ಮಗಳಿದ್ದಿದ್ರ, ಅವನಿಗೆ ಕೊಡ್ತಿದ್ರೇನು?”

ಅಕ್ಕತಂಗಿಯರ ಮಗನಿಗೆ ಮಗಳನ್ನು ಕೊಡುವುದು ಈ ಸೀಮೆಯಲ್ಲಿ ಹಳೆಯ ರೂಢಿ. ಆದ್ದರಿಂದ ಅದು ಸುಮ್ಮನೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ನನಗೆ ಮಗಳಿಲ್ಲ: ಇದು ಮಾಹಿತಿ, ಪೂರ್ಣ ವಾಕ್ಯ, ಯಾರಿಂದ ಕೇಳಿದ್ದೆಂದು ಹೇಳಬೇಕಿಲ್ಲ. ಅದು ನಾಲಿಗೆ ತುದಿಗೂ ಬಂದಿತ್ತು. ಖಾಲಿ ತಟ್ಟೆ ಹಿಡಿದುಕೊಂಡ ಹುಡುಗಿ ಒಳಗೆ ಹೋಗದೆ ನನ್ನ ಬಾಯನ್ನೇ ನೋಡುತ್ತಿದ್ದಳು.

“ಕೊಡ್ತಿದ್ದೆ,” ಎಂದೆ.

ಆಧಾರವಿಲ್ಲ, ಮೂಲವಿಲ್ಲ, ಖಚಿತಪಡಿಸಿಕೊಳ್ಳಲು ಮಗಳೂ ಇಲ್ಲ. ಯಾರೂ ಅದನ್ನೆಲ್ಲ ಕೇಳಲಿಲ್ಲ. ಅಂದು ತಮ್ಮನ ಜೊತೆ ನನ್ನ ಮನೆಗೆ ಬಂದಿದ್ದ ದೊಡ್ಡಪ್ಪ ಮಾತ್ರ ಹುಡುಗಿಗೆ, ಅವರಿಗೆ ಇನ್ನೊಂದೀಟು ಚಾ ಹಾಕವ್ವ ಎಂದರು. ನಾನು ಹೊರಡುವ ಹೊತ್ತಿಗೆ ಒಳಗಿನಿಂದ ಆಕೆ ಫೋನಿನಲ್ಲಿ ಯಾರಿಗೋ ಗದರುವುದು ಕೇಳಿಸಿತು. ಯಾರಿಗೆ ಎಂದು ನೋಡಲಿಲ್ಲ, ಆದರೂ ಬಲ್ಲೆ.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತೆ. ಆ ಮಗಳು ಹೇಗಿರುತ್ತಿದ್ದಳು ಎಂದು ಸುಮ್ಮನೆ ಒಂದು ಯೋಚನೆ ಬಂತು. ಮೂಗು ನಮ್ಮವ್ವನದು ಇರುತ್ತಿತ್ತು. ನನ್ನ ಹಾಗೆ ಮಿತಭಾಷಿಯಲ್ಲ, ಬಾಯಿ ಜೋರು. ತೆಕ್ಕಲಕೋಟೆ ದಾಟುವಷ್ಟರಲ್ಲಿ ಹೆಸರೂ ಇಟ್ಟಾಗಿತ್ತು. ಬಳ್ಳಾರಿ ಹತ್ತಿರವಾದಂತೆ ಚಿಂತೆ ಶುರುವಾಯಿತು: ಹುಡುಗ ಒಳ್ಳೆಯವನೇ, ಆದರೆ ಕುರುಗೋಡಿಗೆ ದಿನವೂ ಬೈಕಿನ ಓಡಾಟ, ಅಂಗಡಿ ಬಾಡಿಗೆಯದು, ನಾನು ಅವಸರಪಟ್ಟೆನೇ?

ನಾನು ಸಿರುಗುಪ್ಪಕ್ಕೆ ಹೋದ ಸುದ್ದಿ ವೀರೇಶನಿಂದ ತಿಳಿದು, ಮನೆ ಮುಂದೆ ಶಂಕ್ರಮ್ಮ ಕಾಯುತ್ತಿದ್ದರು. ಏನಾಯಿತು ಎಂದು ಕೇಳಿದರು.

“ಆತವ್ವ, ಕೊಟ್ವಿ,” ಎಂದೆ.

“ಕೊಟ್ವಿ ಅಂತೀರಲ್ಲ, ನೀವ್ಯಾವಾಗ ಹೆಣ್ಣಿನ ಕಡಿಯೋರಾದ್ರಿ?” ಎಂದು ನಕ್ಕರು.

ನಾನು ನಗಲಿಲ್ಲ. ಹುಡುಗನಿಗೆ ಗಾಡಿ ಸಾವಕಾಶ ಓಡಿಸಲು ಹೇಳಿ ಎಂದಷ್ಟೇ ಹೇಳಿ, ಬೀಗ ತೆಗೆದು ಒಳಗೆ ಬಂದೆ. ಇದ್ದೊಬ್ಬ ಮಗಳನ್ನು ಕೊಟ್ಟ ಮನೆ ಬಿಕೋ ಎನ್ನುತ್ತಿತ್ತು.